ಜಗ್ಗಿ ನೋಡುವ ಕೈ

ಇಂದು ಬೆಳಿಗ್ಗೆ ಮಗರಪಟ್ಟಾ ಬಡಾವಣೆಯ ನಮ್ಮ ಬಾಲ್ಕನಿಯ ಎದುರಿನ ಜಾಲಿ ಮರದಲ್ಲಿ ಗಂಡು ಗೀಜಗವೊಂದು ಅರ್ಧ ಹೆಣೆದ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತಿತ್ತು. ಹೆಣ್ಣು ಬಂದು ಕೊಕ್ಕಿನಿಂದ ಒಂದು ಎಳೆಯನ್ನು ಜಗ್ಗಿತು. ಎಳೆ ಕಿತ್ತು ಬಂತು. ಹೆಣ್ಣು ಹಾರಿಹೋಯಿತು. ನನಗೆ ಅವ್ವನ ಕೈ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಅಪ್ಪನ ಮೆಣಸಿನಕಾಯಿ ಅಂಗಡಿ ಮಾರ್ಕೆಟ್ ಯಾರ್ಡಿನಲ್ಲಿತ್ತು, ಮನೆ ಅದರ ಹಿಂದೆಯೇ. ಮಧ್ಯಾಹ್ನ ಅವ್ವ ಮತ್ತು ಚಿಕ್ಕಪ್ಪನ ಹೆಂಡತಿ ಕಾಕು, ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಿದ್ದರು. ಸೀರೆಗಳಿಗೆ ಒಣಮೆಣಸಿನಕಾಯಿಯ ಘಾಟು. ಹೊಲಿಗೆ ಅಂಚಿಗೆ ಸಮನಾಗಿ, ಸಾಲುಸಾಲಾಗಿ ಹೋಗಬೇಕು. ನನಗೆ ಕೊಟ್ಟ ಮೂಲೆಯಲ್ಲಿ ನಾನು, ಮಾರ್ಕೆಟ್ಟಿನ ಮೇಲೆ ಹದ್ದು ಸುತ್ತುವ ಹಾಗೆ, ಸುಳಿಸುಳಿಯಾಗಿ ಹೊಲಿದೆ.

“ಇದೇನವಾ, ಜಿಲೇಬಿ ಸುತ್ತೀಯಲ್ಲ,” ಎಂದು ಕಾಕು ನಕ್ಕಳು. “ಬಿಚ್ಚಸ್ರಿ ಅಕ್ಕಾರ. ನೋಡಿದವ್ರು ಏನಂದಾರು?”

ಅವ್ವ ಆ ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ನನ್ನ ಸುಳಿ ಪೂರ್ತಿ ಸಡಿಲಾಯಿತು.

“ಸುತ್ತಿದ್ದು ತಪ್ಪಲ್ಲ. ಗಟ್ಟಿ ಇಲ್ಲ ಅಷ್ಟ. ಕೌದಿ ಅಂದ್ರ ತಡೀಬೇಕು.”

“ಹಂಗಾರ ನೆಟ್ಟಗ ಹೊಲೀಲೇನು?”

“ನಿನ್ನ ಮೂಲಿ ಅದು. ನೀನ ಹೇಳು.”

ಬಿಚ್ಚಿದೆ. ಅದೇ ಸುಳಿಯನ್ನು ಸಣ್ಣ ಸಣ್ಣ ಹೊಲಿಗೆಯಲ್ಲಿ ಮತ್ತೆ ಹಾಕಿದೆ. ಅವ್ವ ಮತ್ತೆ ಜಗ್ಗಿದಳು. ಈ ಸಲ ತಡೆಯಿತು.

“ಜಿಲೇಬಿ ಗಟ್ಟಿ ಆತು ನೋಡ್ರಿ,” ಎಂದಳು ಕಾಕು.

ಸಂಪಾದಕರೊಬ್ಬರು ನೇರವಾಗಿಲ್ಲವೆಂದು ಹಿಂದಿರುಗಿಸಿದ ನನ್ನ ಕಥೆ ಈಗ ಮೇಜಿನ ಮೇಲಿದೆ. ಹೊರಗೆ ಗಂಡು ಗೀಜಗ ಪಕ್ಕದ ಕೊಂಬೆಗೆ ಹೊಸ ಹುಲ್ಲೆಳೆ ತಂದಿದೆ. ಕಥೆಯನ್ನು ನಾನು ನೇರ ಮಾಡುವುದಿಲ್ಲ. ಎಲ್ಲಿ ಸಡಿಲವಿದೆಯೆಂದು ಒಂದೊಂದೇ ಸಾಲನ್ನು ಜಗ್ಗಿ ನೋಡುತ್ತೇನೆ.