ಇಬ್ಬರು ಎತ್ತಬೇಕಾದ ಭಾರ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮಿಷನ್ ಮನೆಯ ಗಂಡಸರ ಕೋಣೆಯಲ್ಲಿ ಫಿನಾಯಿಲ್ ವಾಸನೆ, ಮುಚ್ಚಿದ ಕಿಟಕಿಗಳ ಸೆಖೆ. ಇಲ್ಲಿ ಎಲ್ಲರೂ ದೊಡ್ಡಮ್ಮ ಅಂತ ಕರೆಯುವ ಹೆಂಗಸು ಕಿಟಕಿ ತೆರೆದು, ರವಿಕೆಯ ತೋಳು ಮೇಲಕ್ಕೆ ಸರಿಸಿ, ಬಾಗಿಲ ಪಕ್ಕದ ಮಂಚದ ಹತ್ತಿರ ನಿಲ್ಲುತ್ತಾರೆ. ಮಲಗಿದವರ ಬೆನ್ನ ಕೆಳಗೆ ಅಡ್ಡಲಾಗಿ ಹಾಸಿದ ದಪ್ಪ ಬಟ್ಟೆಯ ಅಂಚನ್ನು ಎರಡೂ ಮುಷ್ಟಿಗೆ ಸುತ್ತಿಕೊಳ್ಳುತ್ತಾರೆ. "ಏಳು ತಂದೆ, ಇನ್ನೂ ಎಷ್ಟೊತ್ತು ಮಲಗ್ತೀಯ? ಆ ಕಡೆ ಹಿಡ್ಕೋ," ಅನ್ನುತ್ತಾರೆ.

ಮಂಚದ ಆ ಕಡೆ ಯಾರೂ ಇಲ್ಲ. ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿದ್ದಿದೆ. ನಾನು ಸುತ್ತ ನೋಡುವುದನ್ನು ಕಂಡು ಮಂಚದ ಮೇಲಿನ ಮೇಷ್ಟ್ರು ಬಾಯಿಯ ಒಂದೇ ಬದಿಯಲ್ಲಿ ನಗುತ್ತಾರೆ. "ನಿಮಗೂ ಅಲ್ಲ, ನನಗೂ ಅಲ್ಲ. ಮೇಲಿನವನಿಗೆ ಹೇಳ್ತಿದಾಳೆ. ದಿನಾ ಇದೇ ಜಗಳ." ಅವರಿಗೆ ಪಾರ್ಶ್ವವಾಯು ಬಡಿದು ಹತ್ತು ವರ್ಷವಾಗಿದೆ. ಈಗ ಎಡಗಾಲಿಗೆ ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್ ಬೇರೆ. ಆ ಕಾಲು ಎತ್ತಿ ಹಿಡಿಯಲು ದೊಡ್ಡಮ್ಮ ನನ್ನನ್ನೇ ಕರೆಯುತ್ತಾರೆ. "ಪೇಪರಿನವರೇ, ಬರೆಯೋದು ಆಮೇಲೆ ಇದ್ದೇ ಇರುತ್ತೆ. ಸ್ವಲ್ಪ ಕೈ ಕೊಡಿ."

ಕೈ ಕೊಡುತ್ತೇನೆ. ಮನುಷ್ಯನ ಮೈ ಇಷ್ಟು ಭಾರ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮಗ್ಗುಲು ಬದಲಾದ ಮೇಲೆ ದೊಡ್ಡಮ್ಮ ಮೇಷ್ಟ್ರ ಬೆನ್ನು ಒರೆಸಿ, ಪೌಡರ್ ಹಚ್ಚಿ, ಮಂಡಿಗಳ ನಡುವೆ ದಿಂಬು ಇಡುತ್ತಾರೆ. ಆಮೇಲೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಸೊಂಟದ ನೋವು ಇಳಿಯುವ ತನಕ ಕಾಯುತ್ತಾರೆ. ಗಂಡಸರ ಕೋಣೆ, ಹೆಂಗಸರ ಕೋಣೆ ಸೇರಿ ಹನ್ನೊಂದು ಮಂಚ. ಯಾರೂ ತಾವಾಗಿ ಹೊರಳಲಾರರು. ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಚರ್ಮ ಕೊಳೆತು ಹುಣ್ಣಾಗುತ್ತದೆ, ಹುಣ್ಣು ಎಲುಬು ಮುಟ್ಟುತ್ತದೆ. ಊಟ ತಂದುಕೊಡುವವರಿದ್ದಾರೆ, ವಾರಕ್ಕೆರಡು ಸಲ ನರ್ಸ್ ಬರುತ್ತಾರೆ. ಹೊರಳಿಸುವವರು ಇವರೊಬ್ಬರೇ.

ಇಂಥವರಿಗೆ ನಾವು ಪತ್ರಿಕೆಯವರು ಎಲೆಮರೆಯ ಕಾಯಿ ಅಂತ ಹೆಸರಿಟ್ಟಿದ್ದೇವೆ. ಕೇಳೋಕೆ ಚೆಂದ. ಎಲೆ ತಂದು ಮುಚ್ಚಿದವರು ಯಾರು ಅಂತ ಮಾತ್ರ ನಾವು ಯಾವತ್ತೂ ಕೇಳುವುದಿಲ್ಲ. ಈ ಸಲ ಕೇಳುತ್ತೇನೆ, ಯಾಕೆಂದರೆ ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಟ್ಟುಕೊಂಡು ಹೂವಿನಂಥ ಲೇಖನ ಬರೆಯುವಷ್ಟು ಒಳ್ಳೆಯತನ ನನ್ನಲ್ಲಿಲ್ಲ.

ನನ್ನನ್ನು ಇಲ್ಲಿಗೆ ಕರೆಸಿದವರು ಮಿಷನ್ ಸಮಿತಿಯ ಕಾರ್ಯದರ್ಶಿ. ಇವತ್ತು ಭಾನುವಾರ, ಚರ್ಚಿನ ಸಭೆಯ ವಾರ್ಷಿಕೋತ್ಸವ. ದೊಡ್ಡಮ್ಮನಿಗೆ ಒಂದು ಫಲಕ ಕೊಡುತ್ತಾರೆ, ಅವರು ಸಾಕ್ಷಿ ಹೇಳುತ್ತಾರೆ. ಸಾಕ್ಷಿ ಅಂದರೆ ಆರಾಧನೆಯ ನಡುವೆ ಎಲ್ಲರೆದುರು ನಿಂತು, ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಹೇಳುವುದು. "ಒಬ್ಬ ಹೆಂಗಸು, ಹನ್ನೊಂದು ರೋಗಿಗಳು! ಮನುಷ್ಯರ ಬಲದಿಂದ ಆಗೋ ಕೆಲಸವೇ ಇದು? ಕೇವಲ ದೇವರ ಬಲ. ನೀವು ಇದನ್ನೇ ಬರೀಬೇಕು," ಅಂದಿದ್ದರು ಫೋನಿನಲ್ಲಿ. ಇಲ್ಲಿಗೆ ಬಂದ ಮೇಲೆ ಮೇಷ್ಟ್ರ ಕಾಲಿನ ವಿಷಯ ನಾನೇ ಕೇಳಿದಾಗ, "ಪಾಪ, ಬಚ್ಚಲಲ್ಲಿ ಜಾರಿ ಬಿದ್ರು," ಅಂದರು.

ಹತ್ತು ವರ್ಷದಿಂದ ಎದ್ದು ಕೂರಲಾರದ ಮನುಷ್ಯ ಬಚ್ಚಲ ತನಕ ನಡೆದುಕೊಂಡು ಹೋಗಿ ಜಾರಿ ಬಿದ್ದರಂತೆ. ಸುಳ್ಳು ಹೇಳಿದರೂ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಬೇಕು ಅನ್ನುತ್ತಾರೆ. ಇವರಿಗೆ ಅಷ್ಟು ಶ್ರಮವೂ ಬೇಡವಾಗಿದೆ.

ನಿಜ ಏನು ಅಂತ ದೊಡ್ಡಮ್ಮ ಬಟ್ಟೆ ಹಿಂಡುತ್ತ ಹೇಳುತ್ತಾರೆ. ಅವರ ಗಂಡ ಗಾರೆ ಕೆಲಸದವರು. ಕಟ್ಟಡದ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಇದೇ ಕೋಣೆಯಲ್ಲಿ ನಾಲ್ಕು ವರ್ಷ ಮಲಗಿದ್ದರು. ಹೊರಳಿಸುವುದನ್ನು ಇವರು ಕಲಿತದ್ದು ಆಗ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಇಲ್ಲೇ ಉಳಿದರು. "ಅವರ ಹಾಸಿಗೆ ಖಾಲಿ ಆಯ್ತು. ಪಕ್ಕದ ಹಾಸಿಗೇಲಿ ಇನ್ನೊಬ್ಬರು ನರಳ್ತಿದ್ರು. ಅವರನ್ನ ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ. ಅಷ್ಟೇ. ಅದಕ್ಕೆ ದೇವರ ಕರೆ ಅಂತಾರಂತೆ, ನನಗೆ ಯಾರೂ ಕರೆದದ್ದು ಕೇಳಿಸಲಿಲ್ಲಪ್ಪ."

ಆಗ ಮಂಚದ ಆ ಕಡೆ ನಿಲ್ಲುತ್ತಿದ್ದವರು ಅವರ ನಾದಿನಿ, ಗಂಡನ ತಂಗಿ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. "ಮನೇಲಿ ನಾನು ಎತ್ತು ಏರಿಗೆಳೆದ್ರೆ ಅವಳು ಕೋಣ ನೀರಿಗೆಳೆದ ಹಾಗೆ. ವಾರಗಟ್ಟಲೆ ಮಾತು ಬಿಡ್ತಿದ್ವಿ. ಮಂಚದ ಹತ್ರ ಮಾತ್ರ 'ಹಿಡಿ', 'ಬಿಡು', 'ನಿಧಾನ'. ಒಂದಿನಾನೂ ಒಬ್ಬರನ್ನೂ ಬೀಳಿಸಿಲ್ಲ ನಾವು." ಎರಡು ವರ್ಷದ ಹಿಂದೆ ನಾದಿನಿ ಜ್ವರ ಬಂದು ತೀರಿಕೊಂಡರು. ದೊಡ್ಡಮ್ಮ ಸಮಿತಿಯ ಮುಂದೆ ಹೋಗಿ ಇನ್ನೊಬ್ಬರನ್ನು ಕೊಡಿ ಅಂದರು. ಕಾರ್ಯದರ್ಶಿ ಅವರ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಕರೆ ಬಂದವರನ್ನು ದೇವರೇ ಕಳಿಸುತ್ತಾನೆ, ಅಲ್ಲಿಯವರೆಗೆ ಅವನ ಬಲವನ್ನೇ ನಂಬಿಕೊಂಡಿರು ಅಂದರು. ಮತ್ತೆ ಹೋದರು, ಮತ್ತೆ ಪ್ರಾರ್ಥನೆ. ಈ ನಡುವೆ ಮಿಷನ್ ಮನೆಯ ಮುಂದೆ ಹೊಸ ಕಮಾನು ಎದ್ದಿದೆ, ಅದಕ್ಕೆ ಬಣ್ಣದ ದೀಪ ಹಾಕಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಕಮಾನು ಕಟ್ಟೋಕೆ ಮಾತ್ರ ಯಾರೂ ದೇವರ ಕರೆಗೆ ಕಾಯಲಿಲ್ಲ, ನೇರವಾಗಿ ಮೇಸ್ತ್ರಿಯನ್ನೇ ಕರೆದರು.

ದೊಡ್ಡಮ್ಮ ದೇವರ ಜೊತೆ ಮಾತಾಡತೊಡಗಿದ್ದು ನಾದಿನಿ ಹೋದ ಮೇಲೆ. 'ಹಿಡಿ' ಅನ್ನೋಕೆ ಯಾರಾದರೂ ಬೇಕಿತ್ತು. ಕಾರ್ಯದರ್ಶಿ ಒಮ್ಮೆ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡರು. ಮುಂದಿನ ಭಾನುವಾರ ಅದು ಆರಾಧನೆಯ ಉಪದೇಶಕ್ಕೆ, ಅಂದರೆ ಪ್ರಸಂಗಕ್ಕೆ, ಹೋಯಿತು, ಆಮೇಲೆ ಸಭೆಯ ಪತ್ರಿಕೆಗೆ ಹೋಯಿತು. ಒಂಟಿ ಹೆಂಗಸಿನ ಅಳಲು ಇವರ ಬಾಯಲ್ಲಿ ಪವಾಡವಾಯಿತು. ಪವಾಡ ನಡೆಯುವ ಕಡೆ ಇನ್ನೊಬ್ಬ ಆಳು ಯಾಕೆ?

ಕಳೆದ ತಿಂಗಳು ಒಂದು ಮಧ್ಯಾಹ್ನ ಮೇಷ್ಟ್ರನ್ನು ಆ ಕಡೆಗೆ ಹೊರಳಿಸುವಾಗ ದೊಡ್ಡಮ್ಮನ ಸೊಂಟ ಹಿಡಿದುಕೊಂಡಿತು. ಕೈ ಸಡಿಲವಾಯಿತು. ಹೊರಳಿದ ಮೈ ಹೊರಳುತ್ತಲೇ ಹೋಯಿತು. "ಕೈ ಚಾಚಿದೆ. ಅಂಗಿ ಸಿಕ್ತು, ಅದೂ ಹರಿದು ಹೋಯ್ತು. ಎಲುಬು ಮುರಿದ ಸದ್ದು ಕೇಳಿಸ್ತು ನನಗೆ. ಈಗಲೂ ಕೇಳಿಸುತ್ತೆ." ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತಾರೆ. "ಮೇಷ್ಟ್ರು ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಡಾಕ್ಟರು ಇನ್ನು ಭಾರ ಎತ್ತಲೇಬಾರದು ಅಂದಿದ್ದಾರೆ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗಳು, ಗೇಟಿನ ಹತ್ತಿರ ನನ್ನೆದುರಿಗೇ ಅಮ್ಮನಿಗೆ ಬೈಯುತ್ತಾಳೆ. "ನಾಳೆ ನೀನು ಮಲಗಿದ್ರೆ ನಿನ್ನ ಮಗ್ಗುಲು ಯಾರು ಬದಲಿಸ್ತಾರಮ್ಮ? ನಿನ್ನ ಕಾರ್ಯದರ್ಶಿನಾ? ಅವರು ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ಜನ." ದೊಡ್ಡಮ್ಮ ಮತ್ತೆ ಕೋಣೆಯ ಕಡೆ ನಡೆಯುತ್ತಾರೆ. ಅವರು ನಿಂತರೆ ಹನ್ನೊಂದು ಜನರ ಬೆನ್ನು ಕೊಳೆಯುತ್ತದೆ. ನಿಲ್ಲದಿದ್ದರೆ ಇನ್ನೊಬ್ಬರು ಬೀಳುತ್ತಾರೆ. ಅವರಿಗೆ ಬೇಕಾದದ್ದು ಒಂದೇ, ಮಂಚದ ಆ ಕಡೆಗೆ ಒಬ್ಬ ಮನುಷ್ಯ. ಸಭೆಯಲ್ಲಿ ಬಾಯಿ ಬಿಟ್ಟು ನಿಜ ಹೇಳಿದರೆ ಈ ಕೆಲಸವೂ, ಮಿಷನ್ ಮನೆಯ ಹಿಂದೆ ಕೊಟ್ಟಿರುವ ಕೋಣೆಯೂ ಹೋಗಬಹುದು.

ಆರಾಧನೆಗೆ ಹೊರಡುವ ಮೊದಲು ಮೇಷ್ಟ್ರು ಅವರನ್ನು ಹತ್ತಿರ ಕರೆಯುತ್ತಾರೆ. ಅವರ ಮಾತು ತೊದಲು, ಆದರೆ ಪಾಠ ಹೇಳಿದ ನಾಲಿಗೆ, ಅರ್ಥವಾಗುತ್ತದೆ. "ದೊಡ್ಡಮ್ಮ, ನನ್ನ ಕಾಲು ಮುರಿದಿದೆ, ಇನ್ನು ಕೂಡುತ್ತೋ ಇಲ್ವೋ. ಸುಳ್ಳು ಹೇಳಿ ದೇವರ ಹೆಸರು ದೊಡ್ಡದು ಮಾಡಬೇಡ. ಅವನಿಗೆ ಅದರ ಅಗತ್ಯ ಇಲ್ಲ."

ಸಭೆ ತುಂಬಿದೆ. ಹಾಡು ಮುಗಿಯುತ್ತದೆ. ಕಾರ್ಯದರ್ಶಿ ಫಲಕ ಹಿಡಿದುಕೊಂಡು, ದೇವರ ಬಲದ ಬಗ್ಗೆ ಬಾಯ್ತುಂಬ ಮಾತಾಡಿ, ದೊಡ್ಡಮ್ಮನನ್ನು ಮುಂದೆ ಕರೆಯುತ್ತಾರೆ. ಅವರು ಮೈಕಿನಿಂದ ಅರ್ಧ ಮಾರು ದೂರ ನಿಲ್ಲುತ್ತಾರೆ. ಮೊದಲ ಮಾತು ಯಾರಿಗೂ ಕೇಳಿಸುವುದಿಲ್ಲ. ಯಾರೋ ಮೈಕ್ ಹತ್ತಿರ ತರುತ್ತಾರೆ.

"ದೇವರು ನನಗೆ ಕೊಟ್ಟ ಬಲದ ಬಗ್ಗೆ ಹೇಳು ಅಂದಿದಾರೆ. ಹೇಳ್ತೀನಿ. ಬೆಳಿಗ್ಗೆ ಎದ್ದು ಆ ಕೋಣೆಯೊಳಗೆ ಕಾಲಿಡೋ ಬಲ ಅವನು ಕೊಟ್ಟದ್ದೇ. ಅದು ನಂದಲ್ಲ. ಅದನ್ನ ಇಲ್ಲ ಅಂದ್ರೆ ನನ್ನ ನಾಲಿಗೆ ಬಿದ್ದು ಹೋಗಲಿ. ಆದ್ರೆ ಮೇಷ್ಟ್ರು ಬಚ್ಚಲಲ್ಲಿ ಬೀಳಲಿಲ್ಲ. ನನ್ನ ಕೈಯಿಂದ ಬಿದ್ರು. ನೀನು ಯಾಕೆ ಹಿಡೀಲಿಲ್ಲ ಅಂತ ಅವತ್ತಿಂದ ದೇವರ ಜೊತೆ ಜಗಳ ಆಡ್ತಾ ಇದೀನಿ. ಈಗ ಅನ್ಸುತ್ತೆ, ಇಷ್ಟು ವರ್ಷ ಅವನು ಹಿಡೀತಿದ್ದದ್ದು ನನ್ನ ನಾದಿನಿ ಕೈಯಲ್ಲಿ. ಆ ಕೈ ಹೋಯ್ತು. ಇನ್ನೊಂದು ಜೊತೆ ಕೈ ಕೊಡಿ ಅಂತ ನಿಮ್ಮನ್ನ ಕೇಳಿದೆ. ನೀವು ಪ್ರಾರ್ಥನೆ ಮಾಡಿ ಕಳಿಸಿದ್ರಿ. ದೇವರ ಬಲ ಇರೋದು ನಿಮಗೆ ಒಬ್ಬ ಆಳಿನ ಸಂಬಳ ಉಳಿಸೋಕಲ್ಲ."

ಕಾರ್ಯದರ್ಶಿಯ ಮುಖ ಕಪ್ಪಿಡುತ್ತದೆ. ಈ ಸಭೆಗೆ ಹೊಸದಾಗಿ ಬಂದಿರುವ ಪಾಸ್ಟರ್ ತಡವರಿಸಿ ಎದ್ದು, "ಸಹೋದರಿ ತುಂಬಾ ದಣಿದಿದ್ದಾರೆ. ಅವರಿಗಾಗಿ ಪ್ರಾರ್ಥಿಸೋಣ," ಅನ್ನುತ್ತಾರೆ. ನನ್ನ ಮೈ ಉರಿಯುತ್ತದೆ. ಮತ್ತೆ ಅದೇ ಮದ್ದು!

"ಮಾಡಿ ಪಾಸ್ಟರ್," ಅನ್ನುತ್ತಾರೆ ದೊಡ್ಡಮ್ಮ. "ನಾನು ಬೇಡ ಅನ್ನಲ್ಲ. ಆದ್ರೆ ಹೊರಳಿಸೋ ಹೊತ್ತಾಯ್ತು. ಆಮೆನ್ ಅಂದ ಮೇಲೆ ಯಾರಾದ್ರೂ ಒಬ್ಬರು ಬನ್ನಿ." ಫಲಕ ಕಾರ್ಯದರ್ಶಿಯ ಕೈಯಲ್ಲೇ ಉಳಿಯುತ್ತದೆ. ದೊಡ್ಡಮ್ಮ ಸಾಲುಗಳ ನಡುವೆ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ನಡೆದು ಹೊರಗೆ ಹೋಗುತ್ತಾರೆ. ಕಣ್ಣು ಮುಚ್ಚಿಕೊಂಡ ಜನ ಕಣ್ಣು ತೆರೆಯುವುದಿಲ್ಲ. ತೆರೆದರೆ ಎದ್ದು ಹೋಗಬೇಕಾಗುತ್ತದಲ್ಲ.

ಪ್ರಾರ್ಥನೆ ನಡುವೆಯೇ ನಿಲ್ಲುತ್ತದೆ. ಪಾಸ್ಟರ್ ಮೈಕ್ ಕೆಳಗಿಟ್ಟು, ಉದ್ದನೆಯ ನಿಲುವಂಗಿ ಕಳಚಿ ಕುರ್ಚಿಯ ಮೇಲೆ ಹಾಕುತ್ತಾರೆ. ಕಾರ್ಯದರ್ಶಿ ಅವರ ತೋಳು ಹಿಡಿಯುತ್ತಾರೆ. ಪಾಸ್ಟರ್ ಬಿಡಿಸಿಕೊಳ್ಳುತ್ತಾರೆ.

ಮೇಷ್ಟ್ರ ಮಂಚದ ಆ ಕಡೆ ನಿಂತ ಪಾಸ್ಟರಿಗೆ ಎಲ್ಲಿ ಹಿಡಿಯಬೇಕು ಅಂತಲೂ ಗೊತ್ತಾಗುವುದಿಲ್ಲ. "ಬಟ್ಟೆ ಮುಷ್ಟಿಗೆ ಸುತ್ತಿಕೊಳ್ಳಿ. ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ," ಅಂತ ದೊಡ್ಡಮ್ಮ ಗದರುತ್ತಾರೆ. "ಪಾಸ್ಟರ್, ಇದು ಪ್ರಸಂಗ ಅಲ್ಲ, ಮಧ್ಯದಲ್ಲಿ ಬಿಡೋ ಹಾಗಿಲ್ಲ," ಅನ್ನುತ್ತಾರೆ ಮೇಷ್ಟ್ರು. ಇಬ್ಬರೂ ಹಿಡಿಯುತ್ತಾರೆ. ಮೇಷ್ಟ್ರು ನರಳದೆ ಹೊರಳುತ್ತಾರೆ. ಅವರ ಬೆನ್ನಿನ ಕೆಳಗೆ ಅಂಗೈ ಅಗಲದ ಹುಣ್ಣು ಕಾಣುತ್ತದೆ. ಪಾಸ್ಟರ್ ಮುಖ ತಿರುಗಿಸಿಕೊಳ್ಳುತ್ತಾರೆ, ಆಮೇಲೆ ತಾವಾಗಿ ಮತ್ತೆ ಈ ಕಡೆ ನೋಡುತ್ತಾರೆ. "ನನಗೆ ಗೊತ್ತಿರಲಿಲ್ಲ," ಅನ್ನುತ್ತಾರೆ. "ಬಾಗಿಲು ತೆರೆದೇ ಇರುತ್ತೆ," ಅನ್ನುತ್ತಾರೆ ದೊಡ್ಡಮ್ಮ, ಪೌಡರ್ ಡಬ್ಬಿ ತೆಗೆದುಕೊಳ್ಳುತ್ತ.

ಇದು ನಡೆದು ಮೂರು ವಾರವಾಗಿದೆ. ಪಾಸ್ಟರ್ ಬೆಳಗಿನ ಹೊತ್ತು ತಪ್ಪದೆ ಬರುತ್ತಾರೆ, ಸಂಜೆಗೆ ಸಭೆಯ ಇಬ್ಬರು ಹೆಂಗಸರು ಸರದಿಯಲ್ಲಿ ಬರುತ್ತಾರೆ. ಉಳಿದ ಹೊತ್ತು ದೊಡ್ಡಮ್ಮ ಒಬ್ಬರೇ. ಸಮಿತಿ ಆಳನ್ನು ನೇಮಿಸಿಲ್ಲ. ಸಭೆಗೆ ಅವಮಾನ ಮಾಡಿದ್ದಕ್ಕೆ ದೊಡ್ಡಮ್ಮನ ಮೇಲೆ ಏನು ಕ್ರಮ ತೆಗೆದುಕೊಳ್ಳಬೇಕು ಅಂತ ಎರಡು ಸಲ ಸೇರಿ ಚರ್ಚಿಸಿದೆ. ನಾನು ಕಾರ್ಯದರ್ಶಿಗೆ ಫೋನ್ ಮಾಡಿದೆ. ವಿಷಯ ಪ್ರಾರ್ಥನೆಯಲ್ಲಿದೆ ಅಂದರು. ಆ ಮನುಷ್ಯನಿಗೆ ನಾಚಿಕೆಯೂ ದೇವರೇ ಕಳಿಸಬೇಕೇನೋ.

"ಪಾಸ್ಟರ್ ಒಳ್ಳೆಯವರು," ಅನ್ನುತ್ತಾರೆ ದೊಡ್ಡಮ್ಮ. "ಆದ್ರೆ ಅವರಿಗೆ ವರ್ಗ ಆಗುತ್ತೆ. ಮಂಚಗಳಿಗೆ ಆಗುತ್ತಾ? ಇದು ಪುಣ್ಯ ಕಟ್ಟಿಕೊಳ್ಳೋರು ಬಿಡುವಾದಾಗ ಮಾಡೋ ಕೆಲಸ ಅಲ್ಲ. ಒಬ್ಬರನ್ನ ಇಡ್ಲೇಬೇಕು." ಕೆಲಸ ಹೋದರೆ ಏನು ಮಾಡುತ್ತೀರಿ ಅಂತ ಕೇಳಿದರೆ, ಮಗಳ ಮನೆಯಿಂದ ನಡೆದು ಬರುತ್ತೇನೆ ಅನ್ನುತ್ತಾರೆ. ಸಂಬಳ ನಿಲ್ಲಿಸಬಹುದು, ಬೆನ್ನು ಕೊಳೆಯುವುದನ್ನು ನಿಲ್ಲಿಸೋಕೆ ಆಗುತ್ತಾ ಅನ್ನುತ್ತಾರೆ. ಹಾಗೆ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇಲ್ಲ, ಬರೀ ಸಿಟ್ಟು.

ನಿಮ್ಮ ಬಗ್ಗೆ ಏನು ಬರೆಯಲಿ ಅಂತ ಕೊನೆಗೆ ಕೇಳುತ್ತೇನೆ. ಅವರು ಒಗೆದ ಹಾಸುಬಟ್ಟೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು ಕೊಡವುತ್ತಾರೆ.

"ಜಗಳಗಂಟಿ ಅಂತ ಬರೀರಿ, ಬಾಯಿಬಡುಕಿ ಅಂತ ಬೇಕಾದ್ರೂ ಬರೀರಿ. ಒಬ್ಬಳೇ ಮಾಡಿದಳು ಅಂತ ಮಾತ್ರ ಬರೀಬೇಡಿ. ಮೇಷ್ಟ್ರ ಕಾಲು ಮುರಿದದ್ದೇ ಆ ಹೊಗಳಿಕೆಯಿಂದ."