ಬಿಸಿಲಲ್ಲಿ ಗ್ರೇಡ್ ಮಾಡಬಾರದು

...ಅಥವಾ ಅದು ಎಡಗೈ ಇರಬೇಕು. ಬಲಗೈ ಹೆಬ್ಬೆರಳಿನ ಉಗುರು ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತ್ತು ಎಂದು ಬರೆದು ಹೊಡೆದುಹಾಕಿದೆ. ಅವರು ಹೊಗೆಸೊಪ್ಪಿನ ಎಲೆಯನ್ನು ಬಲಗೈಯಲ್ಲಿ ಎತ್ತಿ ಎಡಗೈಯಲ್ಲಿ ಮಡಚುತ್ತಿದ್ದರು. ಹಾಗಾದರೆ ಕಲೆ ಎಡಗೈಗೆ ಹತ್ತಬೇಕು. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಬಲಗೈಯೇ. ಇಷ್ಟರ ಮೇಲೆ ಉಳಿದದ್ದನ್ನು ಎಷ್ಟು ನಂಬಬೇಕೋ ನೀವೇ ನೋಡಿಕೊಳ್ಳಿ.

ಬಿಳಿಕೆರೆಯ ಹತ್ತಿರದ ನಮ್ಮೂರಲ್ಲಿ ಅವರನ್ನು ಎಲ್ಲರೂ ಸೊಪ್ಪಿನಕ್ಕ ಎನ್ನುತ್ತಿದ್ದರು. ಬ್ಯಾರನ್ನಿನಲ್ಲಿ, ಅಂದರೆ ಬಿಸಿಗಾಳಿಯ ಗೂಡುಮನೆಯಲ್ಲಿ, ಬೇಯಿಸಿದ ಹೊಗೆಸೊಪ್ಪನ್ನು ದರ್ಜೆಗಳಾಗಿ ಬೇರ್ಪಡಿಸುವುದು ಅವರ ಕೆಲಸ. ವರ್ಷಾ ವರ್ಷಾ ನಮ್ಮ ಮನೆಗೂ ಬರುತ್ತಿದ್ದರು. ಬಾಗಿಲ ಒಳಗಡೆ, ಬೆಳಕು ಬೀಳುವ ಆದರೆ ಬಿಸಿಲು ಬೀಳದ ಜಾಗದಲ್ಲೇ ಕೂರಬೇಕು. ಯಾರಾದರೂ ಎಲೆಯನ್ನು ಅಂಗಳಕ್ಕೆ ಒಯ್ದು ನೋಡಿದರೆ ಕಿತ್ತುಕೊಳ್ಳುತ್ತಿದ್ದರು: "ಬಿಸ್ಲಲ್ಲಿ ಎಲ್ಲಾನೂ ಒಂದೇ ತರ ಕಾಣ್ತದೆ ಕಣೋ, ಇತ್ಲಾಗ್ ತತ್ತಾ."

ತೊಂಬತ್ತರ ದಶಕದ ಕೊನೆಯ ಒಂದು ವರ್ಷ ನಮ್ಮ ಬ್ಯಾರನ್ನಿಗೆ ಸಿನಿಮಾದವರು ಬಂದರು. ಕೊಲೆ, ತನಿಖೆ, ಬೆನ್ನಟ್ಟುವಿಕೆಯ ಚಿತ್ರ. ಡಿಗ್ರಿ ಮುಗಿಸಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನು, ಸಂಭಾಷಣೆಗೆ ಹಳ್ಳಿಯ ಮಾತು ತುಂಬಲು ಹಿಡಿದುಕೊಂಡರು. ಕಾನ್‌ಸ್ಟೇಬಲ್ ಆಗಿ ನಿಲ್ಲಲು ಮೂವರು ಹುಡುಗಿಯರೂ ಬೇಕಾಗಿದ್ದರು. ಸೊಪ್ಪಿನಕ್ಕ ತಮ್ಮ ಮಗಳನ್ನು ಕರೆತಂದರು. ಪಿಯುಸಿ ಮುಗಿಸಿ ನಿಜವಾದ ಪೊಲೀಸ್ ಆಯ್ಕೆಗಾಗಿ ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಓಡುತ್ತಿದ್ದ ಹುಡುಗಿ. ನೋಡಿದವರೆಲ್ಲ ನಗುತ್ತಿದ್ದರು. ಒಂದು ಸಲ ಖಾಕಿಯಲ್ಲಿ ಕಂಡರೆ ಊರ ಬಾಯಿ ಮುಚ್ಚುತ್ತದೆ ಎಂಬುದು ತಾಯಿಯ ಆಸೆ.

ನಿರ್ದೇಶಕರು ನಡುಮಧ್ಯಾಹ್ನ ಎಲ್ಲರನ್ನೂ ಬಯಲಲ್ಲಿ ಸಾಲಾಗಿ ನಿಲ್ಲಿಸಿದರು. ಬೆಳ್ಳಗಿದ್ದವರು ಪೊಲೀಸ್ ಕಡೆ, ಕಪ್ಪಗಿದ್ದವರು ಕಳ್ಳರ ಕಡೆ. ಹುಡುಗಿ ಕಳ್ಳರ ಗುಂಪಿಗೆ ಬಿದ್ದಳು.

"ಸಾ, ಒಂದ್ ನಿಮ್ಸ. ಏನ್ ನೋಡಿ ಬ್ಯಾರೆ ಮಾಡ್ತಿದೀರಿ?" ಎಂದರು ಅಕ್ಕ.

"ಲುಕ್ ಕಣಮ್ಮ. ಪೊಲೀಸ್ ಅಂದ್ರೆ ಜನ ನಂಬ್ಬೇಕು."

"ನಮ್ ಸ್ಟೇಸನ್‌ಗೆ ಓಗಿದೀರಾ? ಅಲ್ಲಿರೋ ಪೇದೆ ನನ್ ಮಗಳ್‌ಗಿಂತ ಕರ್ರಗವ್ನೆ. ಅವ್ನ ಕಂಡ್ರೆ ಕೂತಿದ್ದೋರೆಲ್ಲಾ ಎದ್ದು ನಿಂತ್ಕತಾರೆ."

ಸಾಲಿನಲ್ಲಿದ್ದವರು ನಕ್ಕರು. ಅಕ್ಕ ನಗಲಿಲ್ಲ. "ಬಿಸ್ಲಲ್ಲಿ ನಿಂತು ಗ್ರೇಡ್ ಮಾಡ್ಬಾರ್ದು ಸಾ. ನೆರಳಿಗೆ ಕರ್ಕಂಡೋಗಿ, ಒಂದೊಂದ್ನೂ ಮುಟ್ಟಿ ನೋಡ್ಬೇಕು."

"ಇದು ಹೊಗೆಸೊಪ್ಪಲ್ಲಮ್ಮ, ಸಿನಿಮಾ."

"ಅದ್ಕೇ ಯೋಳ್ತಿರೋದು. ಸೊಪ್ಪು ಕೆಟ್ರೆ ಒಂದ್ ಮನೆಗೆ ಲಾಸು. ಇದ್ನ ಊರೂರೇ ನೋಡ್ತದೆ."

ಆಮೇಲೆ ಅಕ್ಕ ನನ್ನ ಕಡೆ ತಿರುಗಿದರು. "ನೀನೇನ್ ಬರ್ಕಂಡಿದಿಯಪ್ಪ? ಓದು."

ಓದಿದೆ. ನನ್ನ ನೋಟ್‌ಬುಕ್ಕಿನಲ್ಲಿ ಕೊಲೆಗಾರ "ಮುಗಿಸ್ಬುಡ್ತೀನಿ ಕಣ್ಲಾ" ಎನ್ನುತ್ತಿದ್ದ. ಇನ್ಸ್‌ಪೆಕ್ಟರು "ನಿನ್ನನ್ನು ಬಂಧಿಸಲಾಗಿದೆ" ಎನ್ನುತ್ತಿದ್ದರು. ವೈದ್ಯರು, ವಕೀಲರು, ನಾಯಕಿ ಎಲ್ಲರೂ ಪುಸ್ತಕದಂತೆ ಮಾತಾಡುತ್ತಿದ್ದರು.

"ನೀನ್ ಬಿದ್ದಾಗ ಅತ್ತಿದ್ದೂ ಈ ಮಾತಲ್ಲೇ ಅಲ್ವೇನೋ? ಇದ್ನ ಬರೀ ಕೊಲೆಗಾರ್‌ನಿಗೆ ಕೊಟ್ಬುಟ್ಯಾ?"

ನೋಟ್‌ಬುಕ್ಕಿನ ಮೂಲೆ ಮಡಚುತ್ತ ನಿಂತಿದ್ದ ನೆನಪಿದೆ.

ನಿರ್ದೇಶಕರು ಹುಡುಗಿಯನ್ನು ಹುಣಸೆಮರದ ನೆರಳಿಗೆ ಕರೆದು "ನಡಿ ನೋಡೋಣ" ಎಂದರು. ಅವಳು ನಡೆದಳು, ತಿರುಗಿದಳು, ಕೆರೆ ಏರಿಯ ಮೇಲೆ ಒಬ್ಬಳೇ ಅಭ್ಯಾಸ ಮಾಡಿದ್ದ ಸೆಲ್ಯೂಟ್ ಹೊಡೆದಳು. ಯಾರೂ ನಗಲಿಲ್ಲ. ಖಾಕಿ ಅವಳಿಗೆ ಸಿಕ್ಕಿತು. ಅಕ್ಕನ ಮಾತಿಗೆ ಸಿಕ್ಕಿತು ಎಂದೇ ನಾನು ಹೇಳಿಕೊಂಡು ಬಂದಿದ್ದೇನೆ. ಅಲ್ಲಿದ್ದ ಇನ್ನೊಬ್ಬ, ಉಳಿದಿದ್ದ ಒಂದು ಉದ್ದನೆಯ ಯೂನಿಫಾರ್ಮ್ ಬೇರೆ ಯಾರ ಮೈಗೂ ಕೂರಲಿಲ್ಲ, ಅಷ್ಟೇ ಎನ್ನುತ್ತಾನೆ. ಇರಬಹುದು.

ಅವಳಿಗೆ ಒಂದೇ ಸಾಲು. ಅದನ್ನು ಆ ಮರದ ಕೆಳಗೇ ಕೂತು ಹೊಸದಾಗಿ ಬರೆದೆ: "ಕೈ ಮ್ಯಾಕೆತ್ಲಾ. ಅಳ್ಳಾಡಿದ್ರೆ ಸರೀಗಿರಾಕಿಲ್ಲ." ಕಾನೂನಿನ ಬಾಯಲ್ಲಿ ನಮ್ಮ ಮಾತನ್ನು ನಾನು ಇಟ್ಟದ್ದು ಅದೇ ಮೊದಲು.

ಚಿತ್ರ ಹುಣಸೂರಿನ ಟಾಕೀಸಿಗೆ ಬಂದಾಗ ಅಕ್ಕನ ಪಕ್ಕ ಕೂತಿದ್ದೆ. ಮಗಳು ತೆರೆಯ ಮೇಲೆ ಬಂದು ಆ ಸಾಲು ಹೇಳಿದ್ದೇ ತಡ, ಹಾಲ್ ಪೂರ್ತಿ ಸೀಟಿ. ಅಕ್ಕ ತೆರೆ ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ಪೂರಾ ಹಿಂದಕ್ಕೆ ತಿರುಗಿ, ಎಲೆ ನೋಡುವ ಕಣ್ಣಿನಲ್ಲೇ, ಒಂದೊಂದು ಮುಖವನ್ನೂ ನೋಡುತ್ತಿದ್ದರು.

"ನಂಬುದ್ರು ಕಣೋ," ಎಂದರು.

ಆ ವರ್ಷ ಆಯ್ಕೆಯಲ್ಲಿ ಮಗಳು ಓಟದಲ್ಲಿ ಗೆದ್ದು ಲಿಖಿತ ಪರೀಕ್ಷೆಯಲ್ಲಿ ಸೋತಳು. ಮರುದಿನ ಬೆಳಿಗ್ಗೆ ಮತ್ತೆ ಏರಿಯ ಮೇಲೆ ಓಡುತ್ತಿದ್ದಳು. ಈ ಸಲ ಊರಿನ ಇಬ್ಬರು ಹುಡುಗಿಯರು ಅವಳ ಹಿಂದೆ ಓಡುತ್ತಿದ್ದರು.

ಸೊಪ್ಪಿನಕ್ಕ ಕೆಲವು ವರ್ಷಗಳ ನಂತರ ತೀರಿಕೊಂಡರು. ನಾನು ಆಗ ಊರಲ್ಲಿರಲಿಲ್ಲ. ಇವತ್ತಿಗೂ ಯಾವ ಪಾತ್ರದ ಬಾಯಿಗೆ ಮಾತು ಕೊಡುವಾಗಲೂ ಕಾಗದವನ್ನು ಬಿಸಿಲಿನಿಂದ ಈಚೆಗೆ ಎಳೆದುಕೊಳ್ಳುತ್ತೇನೆ.

ಒಂದು ವಿಷಯ ಮಾತ್ರ ಆಮೇಲೆ ಹೊಳೆಯಿತು. ಚಿತ್ರದ ದನಿಗಳನ್ನೆಲ್ಲ ಬೆಂಗಳೂರಿನ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿ ಮತ್ತೆ ಸೇರಿಸಿದ್ದರು. ಹುಡುಗಿಯನ್ನು ಅಲ್ಲಿಗೆ ಯಾರೂ ಕರೆದಿರಲಿಲ್ಲ, ಅಂದರೆ ಆ ಸಾಲಿನ ದನಿ ಅವಳದಲ್ಲ. ಆದರೂ ತೆರೆಯ ಮೇಲೆ ಕೇಳಿದ್ದು ಅಚ್ಚ ನಮ್ಮೂರಿನ ಮಾತು. ಅಕ್ಕನಿಗೆ ಇದು ಗೊತ್ತಿತ್ತೇ? ನಾನು ಕೇಳಲಿಲ್ಲ. ಆ ದನಿ ಯಾರದೋ, ನನಗೆ ಗೊತ್ತಿಲ್ಲ.