ತಿಂಗಳಿಗೊಮ್ಮೆ ಸತ್ತ ಅತ್ತಿಗೆ

ಪತ್ತೇದಾರಿ ಕಾದಂಬರಿಗಳು ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಿ, ತಿಂಗಳಿಗೊಂದರಂತೆ ಬರುತ್ತಿದ್ದ ಕಾಲವದು. ಅವುಗಳ ಮುಖಪುಟ ಬರೆಯುತ್ತಿದ್ದ ಪೇಂಟರ ಹೆಂಡತಿಯನ್ನು ಪ್ರೆಸ್ಸಿನವರೆಲ್ಲ ಅತ್ತಿಗೆ ಎಂದೇ ಕರೆಯುತ್ತಿದ್ದರು. ಸಾಯೋಕೂ ಪುರುಸೊತ್ತಿಲ್ಲ ಎಂದು ಜನ ಮಾತಿಗೆ ಹೇಳುತ್ತಾರೆ. ಅತ್ತಿಗೆ ಮಾತ್ರ ತಿಂಗಳಿಗೊಂದು ಮಧ್ಯಾಹ್ನ ಅದಕ್ಕೆಂದೇ ಪುರುಸೊತ್ತು ಮಾಡಿಕೊಳ್ಳಬೇಕಾಗುತ್ತಿತ್ತು.

ಶುರುವಾದದ್ದು ಹೀಗೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಮುಂದಿನ ಕೋಣೆಗೆ ದೊಡ್ಡ ಕಿಟಕಿ ಇದ್ದುದರಿಂದ ಅದು ಪೇಂಟರ ಪಾಲು. ಹಿಂದಿನದರಲ್ಲಿ ಒಲೆ, ಹಾಸಿಗೆ, ಟ್ರಂಕು ಮತ್ತು ಅತ್ತೆಮ್ಮ. ಅಲ್ಲಿಯವರೆಗೆ ಅಂಗಡಿ ಬೋರ್ಡು ಬರೆಯುತ್ತಿದ್ದ ಪೇಂಟರಿಗೆ ಮೊದಲ ಮುಖಪುಟದ ಕೆಲಸ ಸಿಕ್ಕಿತ್ತು. ಮೆಟ್ಟಿಲ ಬುಡದಲ್ಲಿ ಬಿದ್ದ ಹೆಣ್ಣಿನ ಹೆಣ ಬೇಕಂತೆ. ಮೂರು ದಿನ ಬರೆದರು, ಅಳಿಸಿದರು. ನಾಲ್ಕನೆಯ ದಿನ ಪೆನ್ಸಿಲ್ಲು ಬಿಸಾಕಿದರು.

"ಏನು ಮಾಡಿದ್ರೂ ನಿದ್ದೆ ಹೊಡೆಯೋ ಥರ ಕಾಣ್ತಾಳೆ ಕಣೇ. ಬಿದ್ದ ಥರ ಕಾಣಲ್ಲ."

ಅತ್ತಿಗೆ ಕೈ ಒರೆಸಿಕೊಂಡು ಬಂದು ನೋಡಿದರು. "ಬಿದ್ದವರ ಕೈಕಾಲು ಇಷ್ಟು ಒಪ್ಪವಾಗಿ ಇರುತ್ತೇನ್ರೀ?" ಎನ್ನುತ್ತ ನೆಲದ ಮೇಲೆ ತಾವೇ ಬಿದ್ದು ತೋರಿಸಿದರು. ಒಂದು ಕೈ ಬೆನ್ನಡಿ, ಕತ್ತು ಓರೆ, ಬಾಯಿ ಅರ್ಧ ತೆರೆದು. "ಅಲ್ಲಾಡಬೇಡ!" ಎಂದು ಪೇಂಟರು ಪೆನ್ಸಿಲ್ಲಿಗೆ ಹಾರಿದರು. ಹಣೆಗೆ ಕೆಂಪು ಶಾಯಿ ಬಳಿದದ್ದೂ ಆಯಿತು. ಅಷ್ಟರಲ್ಲಿ ಪಕ್ಕದ ಬೀದಿಗೆ ಹೋಗಿದ್ದ ಅತ್ತೆಮ್ಮ ಬಾಗಿಲು ನೂಕಿಕೊಂಡು ಬಂದರು. ಸೊಸೆ ನೆಲದ ಮೇಲೆ ರಕ್ತ ಸುರಿಸಿಕೊಂಡು, ಮಗ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ! ಅವರು ಕಿರುಚಿದ ರಭಸಕ್ಕೆ ಕೆಳಗಿನ ಸೈಕಲ್ ಅಂಗಡಿಯವನು ಗಾಳಿ ಹಾಕುವ ಪಂಪು ಹಿಡಿದೇ ಮೆಟ್ಟಿಲು ಹತ್ತಿ ಬಂದ. ಹೆಣ ಎದ್ದು ಕೂತು, "ಏನಿಲ್ಲ ಅತ್ತೆ, ನಿಮ್ಮ ಮಗನಿಗೆ ಕೆಲಸ ಸಿಕ್ಕಿದೆ" ಎಂದಿತು.

ಆ ಪುಸ್ತಕ ಬಿಸಿ ಬಿಸಿಯಾಗಿ ಖರ್ಚಾಯಿತು. ಅಲ್ಲಿಂದ ಹನ್ನೊಂದು ವರ್ಷ ಅತ್ತಿಗೆ ಗುಂಡಿಗೆ, ಚೂರಿಗೆ, ವಿಷಕ್ಕೆ, ಟೆಲಿಫೋನ್ ವೈರಿಗೆ ಬಲಿಯಾಗುತ್ತ ಬಂದರು. ಸಾಯದ ತಿಂಗಳಲ್ಲಿ ಕೊಲೆಗಾತಿಯಾಗಿ, ಬೆರಳ ಸಂದಿಯಲ್ಲಿ ಸಿಗರೇಟಿನ ಬದಲು ಸೀಮೆಸುಣ್ಣ ಹಿಡಿದು ಕೂರುತ್ತಿದ್ದರು. ಮೊದಲು ಎದೆ ಒಡೆದುಕೊಂಡಿದ್ದ ಅತ್ತೆಮ್ಮನೇ ಬರಬರುತ್ತ ದೊಡ್ಡ ವಿಮರ್ಶಕಿಯಾದರು. "ಹೋದ ತಿಂಗಳು ಚೆನ್ನಾಗಿ ಸತ್ತಿದ್ದೆ. ಈ ಸಲ ಯಾಕೋ ಹೆಣದಲ್ಲಿ ಜೀವಾನೇ ಇಲ್ಲ" ಎಂದು ಮೂಗು ಮುರಿಯುತ್ತಿದ್ದರು. ಮಗಳು ಒಂದನೇ ಕ್ಲಾಸಿಗೆ ಹೋದ ವರ್ಷ ಅಳುತ್ತ ಮನೆಗೆ ಬಂದಳು: "ನಿಮ್ಮಮ್ಮ ಈ ತಿಂಗಳೂ ಸತ್ತೋದ್ಲಂತೆ ಅಂತ ಎಲ್ರೂ ಆಡ್ಕೋತಾರೆ."

ಆ ಕಾದಂಬರಿಗಳ ಲೇಖಕರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು. ಅವರ ಕಥೆಯ ಪತ್ತೇದಾರ ಯಾರನ್ನೂ ನಂಬದವನು, ಒಡೆದ ಮೂಗಿನವನು, ನಾಲ್ಕು ಏಟು ತಿಂದು ಐದು ಕೊಡುವವನು. ಲೇಖಕರೋ, ದಾರಿಯಲ್ಲಿ ಇರುವೆ ಸಾಲು ಕಂಡರೆ ಸುತ್ತು ಹಾಕಿ ಬರುವ ಜೀವ. ಕೆಲಸ ಮುಗಿಸಿ ಮಧ್ಯಾಹ್ನ ಬಂದು, ಟೀ ಕುಡಿಯುತ್ತ, ಮುಂದಿನ ಕಥೆಯನ್ನು ಪೇಂಟರಿಗೆ ಹೇಳುತ್ತಿದ್ದರು. ಒಳಗಿನಿಂದ ಪಾತ್ರೆಯ ಸದ್ದು ನಿಂತಿತೆಂದರೆ ಅತ್ತಿಗೆ ಕಿವಿ ಕೊಟ್ಟಿದ್ದಾರೆಂದೇ ಅರ್ಥ.

"ಅತ್ತಿಗೆ, ಕೊಲೆ ನಂಬೋ ಹಾಗಿದೆಯಾ?"

"ಗಂಡ ಹಾಲಿಗೆ ವಿಷ ಬೆರೆಸಿದ ಅಂತೀರಿ. ಹಾಲಿನ ಪಾತ್ರೆ ಎಲ್ಲಿರುತ್ತೆ ಅಂತ ಅವನಿಗೆ ಗೊತ್ತಾ? ಅವನು ಅಡುಗೆಮನೆಗೆ ಕಾಲಿಟ್ಟಾಗಲೇ ಅವಳಿಗೆ ಅನುಮಾನ ಬಂದಿರುತ್ತೆ."

ಲೇಖಕರು ಟೀ ಮರೆತು ನೋಟ್‌ಬುಕ್ಕಿಗೆ ಬಗ್ಗಿದರು. ಒಂಬತ್ತನೇ ವರ್ಷವೋ ಏನೋ, ಅತ್ತಿಗೆ ಇದ್ದಕ್ಕಿದ್ದಂತೆ ಕೇಳಿದರು: "ಎಷ್ಟು ಸಲ ಅಂತ ಸಾಯ್ಲಿ? ಒಂದು ಸಲನಾದ್ರೂ ಕಳ್ಳನ್ನ ನಾನು ಹಿಡೀಬಾರದಾ?"

ಲೇಖಕರ ಮುಖ ಕೆಂಪೇರಿತು. "ಇದು ಯಾಕೆ ನನಗೆ ಹೊಳೀಲಿಲ್ಲ?" ಎನ್ನುತ್ತ ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಹೋದರು. ಎರಡು ತಿಂಗಳ ಮೇಲೆ ತಂದ ಹಸ್ತಪ್ರತಿಯಲ್ಲಿ ಪತ್ತೇದಾರ ಇರಲಿಲ್ಲ. ವಿಮಾ ಕಂಪನಿಯ ಪರವಾಗಿ ಸತ್ತವರ ಮನೆ ಮನೆಗೆ ಹೋಗಿ ವಿಚಾರಿಸುವ ಹೆಂಗಸೊಬ್ಬಳಿದ್ದಳು. ಅವಳ ಹತ್ತಿರ ಪಿಸ್ತೂಲಿಲ್ಲ. ನಡೆದೂ ನಡೆದೂ ಪಾದ ನೋವು, ಎದುರಿಗಿದ್ದವರು ಸುಳ್ಳು ಹೇಳಿದರೆ ಥಟ್ಟನೆ ಗೊತ್ತಾಗುವ ಕಿವಿ. ಊರಿನ ದೊಡ್ಡ ಮನುಷ್ಯನೊಬ್ಬನನ್ನು ಅವಳು ಹಿಡಿಯುತ್ತಾಳೆ, ಅವನು ಮಾರನೇ ವಾರವೇ ಬಿಡುಗಡೆಯಾಗುತ್ತಾನೆ, ಅವಳು ಮತ್ತೊಂದು ಮನೆಯ ಬಾಗಿಲು ತಟ್ಟಲು ಹೊರಡುತ್ತಾಳೆ. ಆ ಮುಖಪುಟಕ್ಕೆ ಅತ್ತಿಗೆ ಕೈಚೀಲ ಹಿಡಿದು ನೆಟ್ಟಗೆ ನಿಂತರು. ಬೀಳುವುದು ರೂಢಿಯಾದ ಮೈ. ನಿಲ್ಲುವುದಕ್ಕೆ ನಾಚಿಕೆಯಾಗಿ ನಾಲ್ಕು ಸಲ ನಕ್ಕುಬಿಟ್ಟರು.

ಪ್ರಕಾಶಕರು ಚಿತ್ರವನ್ನು ಮೇಲೆ ಕೆಳಗೆ ನೋಡಿ, "ಎಲ್ಲಾ ಸರಿ, ಹೆಣ ಎಲ್ಲಿ?" ಎಂದರು. ಅವರು ಅಂಜಿದಂತೆಯೇ ಆಯಿತು. ಅರ್ಧಕ್ಕರ್ಧ ಪ್ರತಿಗಳು ಕಟ್ಟು ಬಿಚ್ಚದೆ ವಾಪಸು ಬಂದವು. ಲೇಖಕರು ಅದನ್ನು ಹೇಳಲು ತಾವೇ ಬಂದು, "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಬರೀತಾ ನನಗೆ ಬಹಳ ಖುಷಿಯಾಯ್ತು" ಎಂದು ಟೀ ಕುಡಿದು ಹೋದರು. ಮುಂದಿನ ತಿಂಗಳು ಅತ್ತಿಗೆ ಕಾರಿನ ಡಿಕ್ಕಿಯೊಳಗೆ ಮುದುರಿ ಸತ್ತರು.

ಅದಾಗಿ ಎರಡು ವರ್ಷಕ್ಕೆ ಆ ಕಾದಂಬರಿ ಮಾಲೆ ನಿಂತಿತು. ಜನ ಮನೆ ಮನೆಯಲ್ಲಿ ಟೀವಿ ಮುಂದೆ ಕೂತಾಗಿತ್ತು. ಲೇಖಕರಿಗೆ ವರ್ಗವಾಯಿತು, ಕೆಲವು ಕಾಗದ ಬಂದವು, ಆಮೇಲೆ ಅವರು ತೀರಿಹೋದ ಸುದ್ದಿ ಬಂತು. ಪೇಂಟರು ಮತ್ತೆ ಬೋರ್ಡಿಗೆ ಇಳಿದರು, ಕಂಪ್ಯೂಟರು ಅದನ್ನೂ ಕಸಿದುಕೊಳ್ಳುವವರೆಗೆ. ಮನೆ ಬದಲಿಸುವಾಗ ಪುಸ್ತಕದ ಟ್ರಂಕಿಗೆ ಗೆದ್ದಲು ಹತ್ತಿ ಒಂದೂ ಉಳಿದಿಲ್ಲವೆಂದು ತಿಳಿಯಿತು. ಪೇಂಟರು ತೀರಿಕೊಂಡು ಈಗ ಆರು ವರ್ಷ. ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡವರೇ ಅಲ್ಲ ಗಂಡ ಹೆಂಡತಿ. ಅತ್ತಿಗೆಯ ಯೌವನವೆಲ್ಲ ಆ ಮುಖಪುಟಗಳ ಜೊತೆಗೇ ಹೋಗಿತ್ತು.

ಹೋದ ವರ್ಷ ಒಬ್ಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ. ಎರಡು ಕ್ರೈಂ ಕಾದಂಬರಿ ಬರೆದಿದ್ದಾಳೆ. ಹಳೇ ಪುಸ್ತಕದ ಅಂಗಡಿಯಲ್ಲಿ ಆ ವಿಮಾ ಕಂಪನಿಯ ಹೆಂಗಸಿನ ಕಥೆ ಸಿಕ್ಕಿತಂತೆ. "ಅದನ್ನ ಓದಿದ ಮೇಲೇ ಅಮ್ಮ ನಾನು ಬರೆಯೋಕೆ ಶುರು ಮಾಡಿದ್ದು" ಎಂದಳು. ತನ್ನ ಪುಸ್ತಕ ಕೊಟ್ಟು, ಈಗಿನ ಕ್ರೈಂ ಲೇಖಕರೆಲ್ಲ ಲೈಬ್ರರಿಯಲ್ಲಿ ಸೇರುತ್ತಿದ್ದಾರೆ, ಬರಲೇಬೇಕು ಎಂದು ಕರೆದಳು.

ಅತ್ತಿಗೆ ಎರಡು ದಿನದಲ್ಲಿ ಪುಸ್ತಕ ಮುಗಿಸಿದರು. ಹುಡುಗಿ ಮತ್ತೆ ಸಿಕ್ಕಾಗ ಮೊದಲು ಕೇಳಿದ್ದೇ ಇದು: "ಚೆನ್ನಾಗಿ ಬರ್ದಿದ್ದೀಯ. ಆದ್ರೆ ಕೊಲೆ ಮಾಡಿದವನು ಆರಾಮಾಗಿ ಓಡಾಡ್ಕೊಂಡಿದಾನಲ್ಲಮ್ಮ?"

"ದಿನಾ ಅಂಥವರ ಫೈಲು ನೋಡ್ತೀನಮ್ಮ. ಸುಳ್ಳು ಬರೆಯೋಕೆ ಕೈ ಬರಲಿಲ್ಲ."

ಅತ್ತಿಗೆ, "ಹಾಗಾದ್ರೆ ಸರಿ. ನಮ್ಮ ಲೇಖಕರೂ ಒಂದು ಸಲ ಹಾಗೇ ಬರ್ದಿದ್ರು" ಎಂದರು.

ಸಭೆ ಭಾನುವಾರ ಬೆಳಿಗ್ಗೆ. ಈಗಿನ ಲೇಖಕರು ಕ್ರೈಂ ಕಥೆಗಳ ಬಗ್ಗೆ ಗಂಭೀರವಾಗಿ ಮಾತಾಡಿದರು. ಆಮೇಲೆ ಹುಡುಗಿ ಹಳೇ ಅಂಗಡಿಗಳಿಂದ ಕೂಡಿಸಿದ್ದ ಮುಖಪುಟಗಳನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟು, ಅತ್ತಿಗೆಯ ಕೈಗೆ ಮೈಕು ಕೊಟ್ಟರು. ಅತ್ತಿಗೆ ಒಂದೊಂದೇ ಚಿತ್ರ ತೋರಿಸುತ್ತ ಶುರು ಮಾಡಿದರು. "ಇದರಲ್ಲಿ ಹೊಟ್ಟೇಲಿ ಮಗಳಿದ್ಲು, ಅದಕ್ಕೇ ಮೇಜಿನ ಹಿಂದೆ ಬಿದ್ದಿದ್ದೀನಿ. ಇದರಲ್ಲಿ ನನಗೆ ಜ್ವರ, ಬಣ್ಣ ನಿಜವಾದ್ದೇ. ಇದು... ಅವತ್ತು ನಾವಿಬ್ರೂ ಮಾತು ಬಿಟ್ಟಿದ್ವಿ. ಬೇಕಂತಲೇ ಒಂದೂವರೆ ಗಂಟೆ ಮಲಗಿಸಿದ್ರು." ಸಭೆಯೆಲ್ಲ ನಕ್ಕಿತು. ಅತ್ತಿಗೆಯೂ ನಕ್ಕು, ಆ ಚಿತ್ರವನ್ನು ಸ್ವಲ್ಪ ಹೊತ್ತು ಹಾಗೇ ಬಿಡಿ ಎಂದು ಕೇಳಿಕೊಂಡರು.

ಹುಡುಗಿ ಮುಖಪುಟಗಳ ಪ್ರತಿ ತೆಗೆಸಿ ಲಕೋಟೆಯಲ್ಲಿ ಹಾಕಿ ಕೊಟ್ಟಳು. ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ಮಗಳು ಅವನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದವಳು ಒಂದರ ಮೇಲೆ ಬೆರಳಿಟ್ಟಳು. ಅಂಚಿನಿಂದ ಒಳಚಾಚಿದ ಕೊಲೆಗಾರನ ಕೈ, ಅದರಲ್ಲಿ ಪಿಸ್ತೂಲು.

"ಇದು ಯಾರ ಕೈಯಮ್ಮ?"

"ಇನ್ಯಾರದು? ನಿಮ್ಮಪ್ಪಂದು. ಎಡಗೈಲಿ ಪಿಸ್ತೂಲಿನ ಬದಲು ಬಾಚಣಿಗೆ ಹಿಡ್ಕೊಂಡು, ಅದನ್ನ ನೋಡ್ಕೊಂಡು ಬಲಗೈಲಿ ಬರೀತಿದ್ರು. ಅದಕ್ಕೇ ನಮ್ಮ ಕೊಲೆಗಾರರೆಲ್ಲ ಎಡಚರು."

ಮಗಳು ಲಕೋಟೆಯನ್ನು ಮಡಿಲಲ್ಲಿ ಸುರಿದುಕೊಂಡು ಮೊದಲಿಂದ ಹುಡುಕತೊಡಗಿದಳು. ಇಳಿಯುವ ಸ್ಟಾಪು ಬರುವಷ್ಟರಲ್ಲಿ ಅಂಥ ಏಳು ಕೈ ಸಿಕ್ಕಿದ್ದವು.